ರಜೆ ಹಾಕಿದ ಶಿಕ್ಷಕರ ಜಾಗಕ್ಕೆ ಯಾರು? ರಾಯಚೂರು ಶಾಲೆಗಳ ಮುಂದಿರುವ ಪ್ರಶ್ನೆ

ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಜ್ವರ ಬಂದು ಮೂರು ದಿನ ರಜೆ ಹಾಕಿದರು ಎಂದಿಟ್ಟುಕೊಳ್ಳಿ. ರಾಯಚೂರು ನಗರದಲ್ಲಿ ಎಂಟು ಹತ್ತು ಶಿಕ್ಷಕರಿರುವ ಶಾಲೆಯಾದರೆ ಮುಖ್ಯಗುರುಗಳು ವೇಳಾಪಟ್ಟಿ ಹೊಂದಿಸುತ್ತಾರೆ, ಬಿಡುವಿದ್ದವರನ್ನು ಆ ತರಗತಿಗೆ ಕಳಿಸುತ್ತಾರೆ. ದೇವದುರ್ಗ ತಾಲೂಕಿನ ದೊಡ್ಡಿಯಲ್ಲೋ ತಾಂಡಾದಲ್ಲೋ ಇರುವ ಇಬ್ಬರು ಶಿಕ್ಷಕರ ಶಾಲೆಯಲ್ಲಿ ಹಾಗೆ ಹೊಂದಿಸಲು ಯಾರೂ ಉಳಿದಿರುವುದಿಲ್ಲ. ಒಂದರಿಂದ ಐದನೇ ತರಗತಿಯವರೆಗಿನ ಅಷ್ಟೂ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳಬೇಕು. ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕವನ್ನೂ ಅವರೇ ಬರೆಯಬೇಕು. ಅಂದು ಪಾಠ ನಡೆಯುವುದು ಹೆಸರಿಗೆ ಮಾತ್ರ. ಏಕೋಪಾಧ್ಯಾಯ ಶಾಲೆಯ ಪಾಡು ಇನ್ನೂ ಕಷ್ಟ. ಪಕ್ಕದ ಊರಿನಿಂದ ಒಬ್ಬರನ್ನು ನಿಯೋಜನೆ ಮೇಲೆ ಕಳಿಸಬೇಕು, ಆಗದಿದ್ದರೆ ಬಾಗಿಲು ಹಾಕಬೇಕು.

ಶಿಕ್ಷಕರ ಕೊರತೆಯ ಬಗ್ಗೆ ನಾವು ಪ್ರತಿ ಜೂನ್‌ನಲ್ಲಿ ಓದುತ್ತೇವೆ. ಆ ಸುದ್ದಿಗಳಲ್ಲಿ ಎರಡು ಬೇರೆ ಬೇರೆ ಕೊರತೆಗಳು ಒಂದರೊಳಗೊಂದು ಬೆರೆತಿರುತ್ತವೆ. ಅವನ್ನು ಬಿಡಿಸಿ ನೋಡದಿದ್ದರೆ ರಾಯಚೂರು ಜಿಲ್ಲೆಯ ಸಮಸ್ಯೆ ಅರ್ಥವಾಗುವುದಿಲ್ಲ, ಪರಿಹಾರವೂ ಸಿಗುವುದಿಲ್ಲ.

ಎರಡು ಕೊರತೆಗಳು

ಮೊದಲನೆಯದು ಹುದ್ದೆಯ ಕೊರತೆ. ಸರ್ಕಾರ ಒಂದು ಶಾಲೆಗೆ ನಾಲ್ಕು ಹುದ್ದೆ ಮಂಜೂರು ಮಾಡಿರುತ್ತದೆ, ಇಬ್ಬರೇ ಇರುತ್ತಾರೆ. ಉಳಿದ ಎರಡು ಹುದ್ದೆ ನಿವೃತ್ತಿಯಿಂದಲೋ ವರ್ಗಾವಣೆಯಿಂದಲೋ ತೆರವಾಗಿ ವರ್ಷಗಟ್ಟಲೆ ಖಾಲಿ ಇರುತ್ತವೆ. ಎರಡನೆಯದು ದಿನದ ಕೊರತೆ. ಹುದ್ದೆ ಭರ್ತಿಯಾಗಿರುತ್ತದೆ, ಶಿಕ್ಷಕರೂ ಇರುತ್ತಾರೆ. ಆದರೆ ಇಂದು ಅವರು ಕಾಯಿಲೆ, ಹೆರಿಗೆ, ತರಬೇತಿ, ಸಭೆ, ಸಮೀಕ್ಷೆ ಇವುಗಳಲ್ಲಿ ಒಂದಲ್ಲ ಒಂದು ಕಾರಣಕ್ಕೆ ಶಾಲೆಯಲ್ಲಿಲ್ಲ. ಮೊದಲನೆಯದಕ್ಕೆ ಕಾಯಂ ನೇಮಕಾತಿ ಮದ್ದು. ಎರಡನೆಯದಕ್ಕೆ ಬದಲಿ ಶಿಕ್ಷಕರು ಬೇಕು.

ನಮ್ಮಲ್ಲಿ ಬದಲಿ ಶಿಕ್ಷಕರ ಸ್ಥಾನದಲ್ಲಿ ಇರುವವರು ಅತಿಥಿ ಶಿಕ್ಷಕರು. ಆದರೆ ಅವರನ್ನು ಮುಖ್ಯವಾಗಿ ತೆಗೆದುಕೊಳ್ಳುವುದು ಖಾಲಿ ಉಳಿದ ಹುದ್ದೆಗಳ ಎದುರಿಗೆ. 2025–26ರ ಶೈಕ್ಷಣಿಕ ವರ್ಷಕ್ಕೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಸುಮಾರು 40 ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಸರ್ಕಾರ ಒಪ್ಪಿತು. ಇಷ್ಟು ದೊಡ್ಡ ಸಂಖ್ಯೆಯೂ ಮೊದಲ ಕೊರತೆಯನ್ನು ಮುಚ್ಚುವುದರಲ್ಲೇ ಕರಗಿಹೋಗುತ್ತದೆ. ಜೂನ್‌ನಿಂದ ಮಾರ್ಚ್‌ವರೆಗೆ ಅತಿಥಿ ಶಿಕ್ಷಕರೇ ಆ ತರಗತಿಯ ಶಿಕ್ಷಕರು. ಹೀಗಾಗಿ ಇನ್ನೊಬ್ಬರು ರಜೆ ಹಾಕಿದ ದಿನ ಕರೆಯಲು ಯಾರೂ ಇರುವುದಿಲ್ಲ. ಈ ಲೇಖನ ಹೇಳಲು ಹೊರಟಿರುವುದು ಇದನ್ನೇ: ಆಪತ್ತಿಗೆ ಇಡಬೇಕಾದ ಕೈಗಳನ್ನು ನಾವು ದಿನನಿತ್ಯದ ಕೆಲಸಕ್ಕೆ ಬಳಸಿ ಮುಗಿಸಿದ್ದೇವೆ.

ಕಾನೂನಿನ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಇರಬೇಕು. ಆರರಿಂದ ಎಂಟನೇ ತರಗತಿಗೆ ವಿಜ್ಞಾನ ಮತ್ತು ಗಣಿತ, ಸಮಾಜ ವಿಜ್ಞಾನ, ಭಾಷೆ ಈ ಮೂರಕ್ಕೂ ಕನಿಷ್ಠ ಒಬ್ಬೊಬ್ಬರು ಬೇಕು. ಯಾವ ಶಾಲೆಯಲ್ಲೂ ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇ 10ನ್ನು ಮೀರಬಾರದು ಎಂದು 26ನೇ ಕಲಂ ಹೇಳುತ್ತದೆ.

ಈ ಶೇ 10ರ ಮಾತನ್ನು ಸಣ್ಣ ಶಾಲೆಗೆ ಅನ್ವಯಿಸಿ ನೋಡಿ. ಇಬ್ಬರು ಇರಬೇಕಾದ ಶಾಲೆಯಲ್ಲಿ ಒಬ್ಬರು ಇಲ್ಲವೆಂದರೆ ಅರ್ಧ ಶಾಲೆಯೇ ಖಾಲಿ. ಅಂದರೆ ಇಬ್ಬರ ಶಾಲೆಯಲ್ಲಿ ಒಂದೂ ಹುದ್ದೆ ಖಾಲಿ ಇರಕೂಡದು ಎಂಬುದೇ ಕಾಯ್ದೆಯ ಅರ್ಥ. ಆದರೂ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ 2024–25ರ ಅಂಕಿ ಅಂಶಗಳಂತೆ ದೇಶದಲ್ಲಿ 1,04,125 ಏಕೋಪಾಧ್ಯಾಯ ಶಾಲೆಗಳಿವೆ. ಕರ್ನಾಟಕದಲ್ಲಿ ಅವುಗಳ ಸಂಖ್ಯೆ 7,349.

ಕಾಯ್ದೆ ಒಂದು ವಿಷಯದಲ್ಲಿ ಮೌನವಾಗಿದೆ. ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಎಂದು ಹೇಳುವ ಅನುಸೂಚಿ, ಆ ಶಿಕ್ಷಕರು ರಜೆಯಲ್ಲಿದ್ದಾಗ ಮಕ್ಕಳ ಜವಾಬ್ದಾರಿ ಯಾರದು ಎಂದು ಹೇಳುವುದಿಲ್ಲ. ಇಬ್ಬರು ಎಂದರೆ ವರ್ಷದ ಎಲ್ಲ ಶಾಲಾ ದಿನಗಳಲ್ಲೂ ಇಬ್ಬರು ಇರುತ್ತಾರೆ ಎಂದು ಅದು ನಂಬಿಕೊಂಡಿದೆ. ಯಾವ ಇಲಾಖೆಯಲ್ಲೂ ಹಾಗಾಗುವುದಿಲ್ಲ.

ದೇವದುರ್ಗ, ಮಾನ್ವಿಯಲ್ಲಿ ಹುದ್ದೆ ಏಕೆ ನಿಲ್ಲುವುದಿಲ್ಲ

ರಾಜ್ಯದ ಪ್ರಾದೇಶಿಕ ಅಸಮಾನತೆಯನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದು ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ದೇವದುರ್ಗವೂ ಮಾನ್ವಿಯೂ ಇದ್ದವು. ಅಭಿವೃದ್ಧಿ ಸೂಚ್ಯಂಕದಲ್ಲಿ ದೇವದುರ್ಗಕ್ಕೆ ಸಿಕ್ಕಿದ್ದು 0.53, ರಾಜ್ಯದಲ್ಲೇ ಕೊನೆಯ ಸ್ಥಾನ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ 59.56. ಯಾದಗಿರಿಯನ್ನು ಬಿಟ್ಟರೆ ಇದೇ ಅತಿ ಕಡಿಮೆ. 2018ರಲ್ಲಿ ನೀತಿ ಆಯೋಗ ಮಹತ್ವಾಕಾಂಕ್ಷೆಯ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ್ದು ಈ ಎರಡು ಜಿಲ್ಲೆಗಳೇ.

ಇಂಥ ಕಡೆ ಹೊರಗಿನಿಂದ ಬಂದ ಶಿಕ್ಷಕರು ಕೆಲವು ವರ್ಷ ಸೇವೆ ಮಾಡಿ ಊರಿನ ಕಡೆಗೆ ವರ್ಗ ಕೇಳುವುದು ಸಹಜ. ಅದನ್ನು ತಡೆಯಲು ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿ ಇರುವ ತಾಲೂಕುಗಳಿಂದ ವರ್ಗಾವಣೆ ಕೊಡಬಾರದು ಎಂಬ ನಿಯಮ ಬಂತು. ಮಕ್ಕಳ ಹಿತದಿಂದ ನೋಡಿದರೆ ಈ ನಿಯಮಕ್ಕೆ ಅರ್ಥವಿದೆ. ಆದರೆ ಒಮ್ಮೆ ಹೋದರೆ ಹೊರಬರಲಾಗದು ಎಂಬ ಭಯವನ್ನೂ ಅದು ಹುಟ್ಟಿಸಿತು. ಕೌನ್ಸೆಲಿಂಗ್‌ನಲ್ಲಿ ಸ್ಥಳ ಆರಿಸುವ ಹೊಸ ಶಿಕ್ಷಕರು ಅಂಥ ತಾಲೂಕನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ವಯಸ್ಸಾದ ತಂದೆ ತಾಯಿ ಬೇರೆ ಜಿಲ್ಲೆಯಲ್ಲಿರುವವರನ್ನು ಇದಕ್ಕಾಗಿ ದೂರುವುದೂ ನ್ಯಾಯವಲ್ಲ.

ರಾಯಚೂರು ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಇದಕ್ಕೆ ಒಳ್ಳೆಯ ದಾರಿ ತೋರಿಸಿದೆ. ಅದರಡಿ 2013ರ ಆದೇಶದಂತೆ ಈ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಸ್ಥಳೀಯರೇ ಶಿಕ್ಷಕರಾದರೆ ಅವರು ಇಲ್ಲೇ ನಿಲ್ಲುತ್ತಾರೆ. ಆದರೆ ನೇಮಕಾತಿಯ ವೇಗ ನಿವೃತ್ತಿಯ ವೇಗಕ್ಕೆ ಹೊಂದುತ್ತಿಲ್ಲ. 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅರ್ಜಿ ಕರೆದರು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಪರೀಕ್ಷೆ ಅದೇ ವರ್ಷ ನಡೆಯಿತು. ಪ್ರಮಾಣಪತ್ರದ ವಿವಾದ ನ್ಯಾಯಾಲಯಕ್ಕೆ ಹೋಗಿ, ಆಯ್ಕೆಯಾದವರು ಶಾಲೆಗೆ ಬರುವ ಹೊತ್ತಿಗೆ 2023 ಮುಗಿಯುತ್ತ ಬಂದಿತ್ತು. ಮುಂದೆ 2024ರ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ಆ ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಒಳಮೀಸಲಾತಿ ದಶಕಗಳ ಹೋರಾಟದ ನ್ಯಾಯಯುತ ಬೇಡಿಕೆ. ಆದರೆ ಇಂಥ ಪ್ರತಿ ವಿಳಂಬಕ್ಕೂ ತರಗತಿಯಲ್ಲಿ ಒಂದು ಬೆಲೆ ಇದೆ, ಅದನ್ನು ತುಂಬುವವರು ಅತಿಥಿ ಶಿಕ್ಷಕರು.

ಅತಿಥಿ ಶಿಕ್ಷಕರ ಕೈಗೆ ಸಿಗುವುದೇನು

ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನ ಇತ್ತು. 2025–26ರ ಬಜೆಟ್‌ನಲ್ಲಿ 2,000 ರೂಪಾಯಿ ಹೆಚ್ಚಾಗಿ 12,000 ಆಯಿತು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ತಿಂಗಳಿಗೆ 26 ದಿನ ಕೆಲಸವೆಂದರೆ 9,620. ಡಿ.ಇಡಿ. ಓದಿ ನಾಲ್ವತ್ತು ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸಕ್ಕೂ ಮಣ್ಣು ಹೊರುವ ಕೆಲಸಕ್ಕೂ ನಡುವಿನ ಅಂತರ ದಿನಕ್ಕೆ ನೂರು ರೂಪಾಯಿಯೂ ಇಲ್ಲ. ಮಣ್ಣು ಹೊರುವ ಕೆಲಸಕ್ಕೆ ಗೌರವ ಕಡಿಮೆಯೆಂದು ಇದರ ಅರ್ಥವಲ್ಲ. ಓದಿಗೆ ಖರ್ಚು ಮಾಡಿದ ಬಡ ಮನೆಗಳ ಮಕ್ಕಳು ಈ ಕೆಲಸದಲ್ಲಿ ಬಹುಕಾಲ ನಿಲ್ಲಲಾರರು ಎಂಬುದು ಅರ್ಥ.

ಹಣ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಖಾತೆಯ ಮೂಲಕ ಬರುವ ಪದ್ಧತಿ. ಅನುದಾನ ತಡವಾದರೆ ಎರಡು ಮೂರು ತಿಂಗಳು ಕೈ ಖಾಲಿ. ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ರಾಯಚೂರಿನಿಂದ ದೇವದುರ್ಗಕ್ಕೂ ಮಾನ್ವಿಗೂ ಐವತ್ತು ಕಿಲೋಮೀಟರ್ ಆಸುಪಾಸು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಶಿಕ್ಷಕಿಯರಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚು ಉಳಿದಿದೆ. ಆದರೆ ಬಸ್ಸು ಗಬ್ಬೂರು, ಜಾಲಹಳ್ಳಿ, ಪೋತ್ನಾಳದಂಥ ದೊಡ್ಡ ಊರಿಗೆ ಬಿಟ್ಟು ಹೋದರೆ, ಒಳಗಿನ ದೊಡ್ಡಿಗೆ, ಕ್ಯಾಂಪಿಗೆ ಟಂಟಂ ಹಿಡಿಯಬೇಕು. ಅದಕ್ಕೆ ದುಡ್ಡೂ ಬೇಕು, ಸಮಯವೂ ಬೇಕು.

ಇನ್ನೊಂದು ತೊಡಕು ಅರ್ಹರ ಸಂಖ್ಯೆಯದು. ಒಂದರಿಂದ ಐದನೇ ತರಗತಿಗೆ ಬಿ.ಇಡಿ. ಸಾಲದು, ಪ್ರಾಥಮಿಕ ಹಂತದ ತರಬೇತಿಯೇ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ ಎಂಬ ಮಾತು ಸರಿಯಾದದ್ದೇ. ಆದರೆ ವರ್ಷಗಳ ಕಾಲ ನೇಮಕಾತಿ ಇಲ್ಲದೆ ಡಿ.ಇಡಿ. ಕಾಲೇಜುಗಳು ಒಂದೊಂದಾಗಿ ಮುಚ್ಚಿದ್ದರಿಂದ, ಒಳಹಳ್ಳಿಗಳ ಹತ್ತಿರ ಡಿ.ಇಡಿ. ಮಾಡಿದವರು ಸಿಗುವುದು ಕಷ್ಟವಾಗಿದೆ.

ಶಾಲೆಯ ಹೊರಗೆ ಕಳೆಯುವ ದಿನಗಳು

ಶಿಕ್ಷಕರು ಶಾಲೆಯಲ್ಲಿಲ್ಲ ಎಂದ ಕೂಡಲೇ ಅವರನ್ನು ಸೋಮಾರಿಗಳೆನ್ನುವ ಮಾತು ಕೇಳಿಬರುತ್ತದೆ. ಅಂಥವರು ಕೆಲವರು ಇರಬಹುದು. ಆದರೆ ಗೈರಿನ ಬಹುಪಾಲು ನ್ಯಾಯವಾದದ್ದು, ಇಲ್ಲವೇ ಸರ್ಕಾರವೇ ಕಳಿಸಿದ್ದು.

ಹೆರಿಗೆ ರಜೆ 180 ದಿನ. 2021ರಿಂದ ರಾಜ್ಯದ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯೂ 180 ದಿನ ಸಿಗುತ್ತದೆ. ಇವು ಹೆಣ್ಣುಮಕ್ಕಳ ಹಕ್ಕು, ಯಾರೂ ಕಸಿಯಕೂಡದು. ಶಾಲೆ ನಡೆಯುವುದೇ ವರ್ಷಕ್ಕೆ 220 ದಿನ ಆಸುಪಾಸು. ಹೀಗಿರುವಾಗ ಬದಲಿ ವ್ಯವಸ್ಥೆ ಇಲ್ಲದೆ ಈ ರಜೆ ಕೊಟ್ಟರೆ, ಬಾಣಂತಿ ಶಿಕ್ಷಕಿಯ ಹಕ್ಕನ್ನೂ ಮಕ್ಕಳ ಹಕ್ಕನ್ನೂ ಎದುರು ಬದುರು ನಿಲ್ಲಿಸಿದಂತಾಗುತ್ತದೆ. ಹಾಗೆ ನಿಲ್ಲಿಸಿದ ತಪ್ಪು ವ್ಯವಸ್ಥೆಯದು, ಆ ಶಿಕ್ಷಕಿಯದಲ್ಲ.

ಬೋಧನೆಯ ಹೊರಗಿನ ಕೆಲಸಗಳ ಪಟ್ಟಿಯೂ ಉದ್ದವಿದೆ. ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಿಗದಿತ ದಿನಕ್ಕೆ ಮುಗಿಯದೆ, ಶಿಕ್ಷಕರೇ ಗಣತಿದಾರರಾದ್ದರಿಂದ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಸಮೀಕ್ಷೆಯ ಉದ್ದೇಶ ದೊಡ್ಡದು. ಅದಕ್ಕೆ ತೆತ್ತದ್ದು ಸರ್ಕಾರಿ ಶಾಲೆಯ ಮಕ್ಕಳ ಪಾಠದ ದಿನಗಳು ಎಂಬುದೂ ಅಷ್ಟೇ ನಿಜ. ಇವುಗಳ ಜೊತೆಗೆ ಮತಗಟ್ಟೆ ಅಧಿಕಾರಿಯ ಹೊಣೆ, ಕ್ಲಸ್ಟರ್ ಸಭೆ, ಆನ್‌ಲೈನ್ ಮಾಹಿತಿ ತುಂಬುವುದು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕಡತ ಒಯ್ಯುವುದು. ಸಣ್ಣ ಶಾಲೆಗಳಲ್ಲಿ ಮುಖ್ಯಗುರುಗಳೂ ಪಾಠ ಮಾಡುವವರೇ. ಅವರು ಕಚೇರಿಗೆ ಹೊರಟರೆಂದರೆ ಎರಡು ಮೂರು ತರಗತಿಗಳ ಪಾಠ ನಿಂತಂತೆ.

ಇದರ ಏಟು ಎಲ್ಲ ಮಕ್ಕಳಿಗೂ ಒಂದೇ ಸಮ ಬೀಳುವುದಿಲ್ಲ. ಹತ್ತಿ ಬಿಡಿಸುವ, ಮೆಣಸಿನಕಾಯಿ ಕೀಳುವ ಕಾಲದಲ್ಲಿ ದೊಡ್ಡ ಮಕ್ಕಳು ಹೊಲಕ್ಕೆ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ದೇವದುರ್ಗದ ಎಷ್ಟೋ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಶಾಲೆಗೆ ಬಂದ ದಿನ ಪಾಠ ಇಲ್ಲವೆಂದಾದರೆ, ಮಗುವನ್ನು ಕರೆದೊಯ್ಯಲು ಹೆತ್ತವರಿಗೆ ಮತ್ತೊಂದು ಕಾರಣ ಸಿಕ್ಕಂತಾಗುತ್ತದೆ.

ರೈಲ್ವೆಯಿಂದ ಕಲಿಯಬೇಕಾದದ್ದು

ರಾಯಚೂರು ರೈಲು ನಿಲ್ದಾಣವನ್ನು ನೋಡಿ. ಸ್ಟೇಷನ್ ಮಾಸ್ತರರಿಗೆ ಜ್ವರ ಬಂದಿತೆಂದು ರೈಲು ನಿಲ್ಲುವುದಿಲ್ಲ. ಇಷ್ಟು ಸಿಬ್ಬಂದಿ ಇರುವ ಕಡೆ ಸರಾಸರಿ ಇಷ್ಟು ಮಂದಿ ರಜೆಯಲ್ಲಿರುತ್ತಾರೆ ಎಂದು ಮೊದಲೇ ಲೆಕ್ಕ ಹಾಕಿ, ಅವರ ಜಾಗಕ್ಕೆ ‘ಲೀವ್ ರಿಸರ್ವ್’ ಹುದ್ದೆಗಳನ್ನು ರೈಲ್ವೆ ಇಟ್ಟುಕೊಂಡಿರುತ್ತದೆ. ರಜೆಯನ್ನು ಅನಿರೀಕ್ಷಿತ ಘಟನೆ ಎಂದು ಅದು ನೋಡುವುದಿಲ್ಲ. ಶಿಕ್ಷಣ ಇಲಾಖೆಗೂ ಈ ಲೆಕ್ಕ ಸಾಧ್ಯ.

ಹತ್ತಿರದ ಶಾಲೆಗಳ ಒಂದು ಗುಂಪಿನಲ್ಲಿ, ಅಂದರೆ ಒಂದು ಕ್ಲಸ್ಟರಿನಲ್ಲಿ 15 ಶಾಲೆ, 60 ಶಿಕ್ಷಕರು ಇದ್ದಾರೆ ಎಂದುಕೊಳ್ಳೋಣ. ರಜೆ, ತರಬೇತಿ, ಸಭೆ ಎಲ್ಲ ಸೇರಿ ಒಬ್ಬೊಬ್ಬರೂ ವರ್ಷಕ್ಕೆ 15 ದಿನ ಶಾಲೆಯಲ್ಲಿರುವುದಿಲ್ಲ ಎಂದು ಊಹಿಸಿದರೆ ಒಟ್ಟು 900 ದಿನ. ಅದನ್ನು 220 ಶಾಲಾ ದಿನಗಳಿಂದ ಭಾಗಿಸಿದರೆ ನಾಲ್ಕು ಬರುತ್ತದೆ. ಅಂದರೆ ಆ ಕ್ಲಸ್ಟರಿನಲ್ಲಿ ವರ್ಷದ ಪ್ರತಿ ದಿನವೂ ಸರಾಸರಿ ನಾಲ್ಕು ಶಿಕ್ಷಕರ ಜಾಗ ಖಾಲಿ ಇರುತ್ತದೆ. ನಾಲ್ವರು ಮೀಸಲು ಶಿಕ್ಷಕರಿದ್ದರೆ ಈ ಖಾಲಿ ತುಂಬುತ್ತದೆ. ಒಬ್ಬರು ಹೆರಿಗೆ ರಜೆಗೆ ಹೋದರೆ ಐದನೆಯವರು ಬೇಕು.

ಖರ್ಚೆಷ್ಟು? ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಯಂತೆ ಹನ್ನೆರಡು ತಿಂಗಳೂ ಕೊಟ್ಟರೆ ನಾಲ್ವರಿಗೆ ವರ್ಷಕ್ಕೆ 9.6 ಲಕ್ಷ. ಇಂಥ ನೂರು ಕ್ಲಸ್ಟರಿಗೆ 9.6 ಕೋಟಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸರ್ಕಾರ ಘೋಷಿಸುತ್ತಿರುವ ವಾರ್ಷಿಕ ಅನುದಾನ 5,000 ಕೋಟಿ. ಅದರಲ್ಲಿ ಇದು ಶೇ 0.2ಕ್ಕಿಂತ ಕಡಿಮೆ. ಮಂಡಳಿಯ ‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮ ಶಿಕ್ಷಣಕ್ಕೆಂದೇ ದೊಡ್ಡ ಪಾಲನ್ನು ತೆಗೆದಿಟ್ಟಿದೆ. ಕೋಣೆ, ಕಾಂಪೌಂಡಿನ ಜೊತೆಗೆ ಆ ಕೋಣೆಯಲ್ಲಿ ದಿನವೂ ಒಬ್ಬ ಶಿಕ್ಷಕರು ಇರುವಂತೆ ಮಾಡುವುದೂ ಅದೇ ಕಾರ್ಯಕ್ರಮದ ಕೆಲಸವಾಗಬೇಕು.

ಪಟ್ಟಿ ಮೊದಲೇ ಸಿದ್ಧವಿರಬೇಕು. ಕೇಂದ್ರೀಯ ವಿದ್ಯಾಲಯಗಳು ಶಾಲಾ ವರ್ಷ ಶುರುವಾಗುವ ಹೊತ್ತಿಗೇ ನೇರ ಸಂದರ್ಶನ ನಡೆಸಿ, ಗುತ್ತಿಗೆ ಶಿಕ್ಷಕರ ಪಟ್ಟಿ ಮಾಡಿಟ್ಟುಕೊಳ್ಳುತ್ತವೆ. ಜಾಗ ತೆರವಾದಾಗ ಆ ಪಟ್ಟಿಯಿಂದ ಕರೆಯುತ್ತಾರೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಶಾಲೆ ತೆರೆಯುವ ಹೊತ್ತಿಗೆ ಆದೇಶ ಹೊರಟು, ಆಯ್ಕೆ ನಡೆದು, ಅತಿಥಿ ಶಿಕ್ಷಕರು ತರಗತಿಗೆ ಬರುವಷ್ಟರಲ್ಲಿ ಮೊದಲ ಪಾಠಗಳ ಕಾಲ ಕಳೆದಿರುತ್ತದೆ. ಏಪ್ರಿಲ್‌ನಲ್ಲೇ ತಾಲೂಕು ಮಟ್ಟದ ಪಟ್ಟಿ ಮಾಡಲು ಹಣವೇನೂ ಬೇಕಾಗಿಲ್ಲ.

ಆರಿಸುವಾಗ ಮಕ್ಕಳ ಮಾತನ್ನೂ ನೋಡಬೇಕು. ಮಾನ್ವಿ ಕಡೆಯ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ. ರಾಯಚೂರು ನಗರದಲ್ಲಿ ಉರ್ದು ಮಾಧ್ಯಮದ ಶಾಲೆಗಳಿವೆ, ಅಲ್ಲಿಗೆ ಉರ್ದು ಬಾರದ ಬದಲಿ ಶಿಕ್ಷಕರನ್ನು ಕಳಿಸಿ ಪ್ರಯೋಜನವಿಲ್ಲ. ಒಂದರಿಂದ ಮೂರನೇ ತರಗತಿಗೆ ನಲಿ–ಕಲಿ ಪದ್ಧತಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕೂತು, ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಮುಂದೆ ಹೋಗುತ್ತಾರೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದು ಗೋಡೆಯ ಮೇಲಿನ ಪ್ರಗತಿ ಪಟ್ಟಿಯಲ್ಲೇ ಗೊತ್ತಾಗುವುದರಿಂದ, ತರಬೇತಿ ಪಡೆದ ಬದಲಿ ಶಿಕ್ಷಕರು ಮೊದಲ ದಿನವೇ ಪಾಠ ಮುಂದುವರಿಸಬಹುದು. ತರಬೇತಿ ಇಲ್ಲದವರ ಕೈಯಲ್ಲಿ ಆ ಕಾರ್ಡುಗಳು ನಿಂತುಬಿಡುತ್ತವೆ. ಯರಮರಸ್‌ನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಈ ಮೀಸಲು ಶಿಕ್ಷಕರಿಗೆ ಮೇ ತಿಂಗಳಲ್ಲಿ ಒಂದು ವಾರದ ನಲಿ–ಕಲಿ ತರಬೇತಿ ಕೊಟ್ಟರೆ ವರ್ಷವಿಡೀ ಅನುಕೂಲವಾಗುತ್ತದೆ.

ಎರಡು ಆಕ್ಷೇಪಗಳು

ಇದರಿಂದ ಕಾಯಂ ನೇಮಕಾತಿ ಮತ್ತಷ್ಟು ಮುಂದೆ ಹೋಗುತ್ತದೆ ಎಂಬ ಆತಂಕ ಶಿಕ್ಷಕರ ಸಂಘಟನೆಗಳಿಗೆ ಬರಬಹುದು. ಆತಂಕಕ್ಕೆ ಆಧಾರವಿದೆ, ಏಕೆಂದರೆ ಅತಿಥಿ ಶಿಕ್ಷಕರ ವಿಷಯದಲ್ಲಿ ಆದದ್ದೇ ಅದು. ಆದ್ದರಿಂದ ಮೀಸಲು ಶಿಕ್ಷಕರನ್ನು ಖಾಲಿ ಹುದ್ದೆಗೆ ಬಳಸಬಾರದು ಎಂದು ಆದೇಶದಲ್ಲೇ ಬರೆಯಬೇಕು. ಒಂದೇ ಶಾಲೆಯಲ್ಲಿ ಅವರನ್ನು ಹೆರಿಗೆ ರಜೆಯಷ್ಟು ಅವಧಿಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲ ಎಂಬ ಮಿತಿ ಬೇಕು. ಮುಂದೆ ಈ ಹುದ್ದೆಗಳನ್ನೇ ಕಾಯಂ ವೃಂದಕ್ಕೆ ಸೇರಿಸಬೇಕು. ಎಲ್ಲ ಹುದ್ದೆಗಳು ಭರ್ತಿಯಾದ ಮೇಲೂ ಶಿಕ್ಷಕರಿಗೆ ಜ್ವರ ಬರುತ್ತದೆ, ಹೆರಿಗೆಯಾಗುತ್ತದೆ. ಬದಲಿಯವರ ಅಗತ್ಯ ಎಂದಿಗೂ ತೀರುವುದಿಲ್ಲ.

ಮಕ್ಕಳ ಸಂಖ್ಯೆ ಕಡಿಮೆ ಇರುವ ಶಾಲೆಗಳನ್ನು ಸೇರಿಸಿಬಿಟ್ಟರೆ ಶಿಕ್ಷಕರು ಸಾಕಾಗುತ್ತಾರಲ್ಲ ಎಂಬುದು ಇನ್ನೊಂದು ವಾದ. ನಗರದಲ್ಲಿ, ಒಂದೇ ಓಣಿಯಲ್ಲಿ ಎರಡು ಶಾಲೆ ಇರುವ ಕಡೆ ಇದನ್ನು ಯೋಚಿಸಬಹುದು. ದೊಡ್ಡಿಯ ಶಾಲೆ ಮುಚ್ಚಿದರೆ ಆರು ವರ್ಷದ ಮಗು ಹಳ್ಳ ದಾಟಿ ನಡೆಯಬೇಕು. ಹೆಣ್ಣುಮಕ್ಕಳ ಓದು ಅಲ್ಲಿಗೆ ಮುಗಿಯುವ ಅಪಾಯವೂ ಇದೆ. ಈ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ 2011ರಲ್ಲಿ ಶೇ 50ನ್ನೂ ಮುಟ್ಟಿರಲಿಲ್ಲ ಎಂಬುದನ್ನು ಮರೆತು ಈ ನಿರ್ಧಾರ ಮಾಡಲಾಗದು.

ಓದುಗರು ಮಾಡಬಹುದಾದದ್ದು

ಸರ್ಕಾರ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಖಾಲಿ ಹುದ್ದೆಗಳಿಗೆ ಕಾಲಮಿತಿಯ ಕಾಯಂ ನೇಮಕಾತಿ, ಏಪ್ರಿಲ್‌ನಲ್ಲೇ ಅತಿಥಿ ಶಿಕ್ಷಕರ ಪಟ್ಟಿ, ತಿಂಗಳ ಮೊದಲ ವಾರ ನೇರವಾಗಿ ಬ್ಯಾಂಕ್ ಖಾತೆಗೆ ಗೌರವಧನ, 27ನೇ ಕಲಂನ ಪಾಲನೆ, ಪ್ರತಿ ಕ್ಲಸ್ಟರಿಗೂ ಮೀಸಲು ಶಿಕ್ಷಕರು. ಇಡೀ ರಾಜ್ಯದಲ್ಲಿ ಒಮ್ಮೆಲೇ ಆಗದಿದ್ದರೆ ದೇವದುರ್ಗ ಮತ್ತು ಮಾನ್ವಿ ತಾಲೂಕುಗಳಿಂದ ಶುರು ಮಾಡಲಿ. ಎಲ್ಲಕ್ಕಿಂತ ಹಿಂದೆ ಉಳಿದವರಿಗೆ ಎಲ್ಲಕ್ಕಿಂತ ಮೊದಲು ಸಿಗಬೇಕು ಎಂಬುದೇ 371(ಜೆ) ವಿಧಿಯ ಆಶಯ.

ಎಸ್‌ಡಿಎಂಸಿ ಸದಸ್ಯರಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ತಂದೆ ತಾಯಂದಿರಿಗೆ ಒಂದು ವಿನಂತಿ. ನಿಮ್ಮೂರ ಶಾಲೆಯಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ದಿನ ಎಷ್ಟು ಶಿಕ್ಷಕರಿದ್ದರು, ಇಲ್ಲದವರು ಯಾವ ಕಾರಣಕ್ಕೆ ಇರಲಿಲ್ಲ, ಆ ತರಗತಿಯನ್ನು ಯಾರು ನೋಡಿಕೊಂಡರು ಎಂದು ದಿನವೂ ಒಂದು ಸಾಲು ಬರೆಯಿರಿ. ಅದು ಶಿಕ್ಷಕರ ಮೇಲೆ ದೂರು ಹೇಳುವ ಪುಸ್ತಕವಾಗದಿರಲಿ. ಅವರನ್ನೂ ಜೊತೆಗೆ ಕೂರಿಸಿಕೊಂಡೇ ಬರೆಯಿರಿ. ವರ್ಷದ ಕೊನೆಗೆ ಆ ಲೆಕ್ಕವನ್ನು ಬಿಇಒ ಅವರಿಗೆ, ಶಾಸಕರಿಗೆ, ಗ್ರಾಮಸಭೆಗೆ ಕೊಡಿ. ಶಿಕ್ಷಕರಿಲ್ಲ ಎಂಬ ದೂರಿಗೆ ಅಧಿಕಾರಿಗಳು ನೋಡೋಣ ಎಂದು ಹೇಳಿ ಕಳಿಸಬಹುದು. ನಮ್ಮ ಮಕ್ಕಳು ಈ ವರ್ಷ ಇಷ್ಟು ದಿನ ಪಾಠವಿಲ್ಲದೆ ಕೂತಿದ್ದರು ಎಂದು ದಿನಾಂಕ ಸಮೇತ ತೋರಿಸಿದರೆ ಅವರು ಲಿಖಿತ ಉತ್ತರ ಕೊಡಲೇಬೇಕಾಗುತ್ತದೆ. ಆ ಉತ್ತರವನ್ನು ಕೇಳಿ ಪಡೆಯಿರಿ.